ನೆತ್ತರು ನುಡಿಯುವ ಸಾಕ್ಷ್ಯ

ಪಟ್ಟಣದ ಒಂದು ಸಾಧಾರಣ ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರು ಕಚೇರಿಯಲ್ಲಿ ಕೆಲಸದಲ್ಲಿರುವವರು. ಮನೆಯಲ್ಲಿ ಅವರ ವೃದ್ಧ ತಾಯಿ, ಪತ್ನಿ, 19 ವರ್ಷದ ಮಗ, 15 ವರ್ಷದ ಮಗಳು. ಒಂದು ಸಂಜೆ ಕಾಲೇಜಿನ ಮೈದಾನದಲ್ಲಿ ಆಟವಾಡುತ್ತಿದ್ದ ಮಗ ಒಮ್ಮೆಲೇ ಎಚ್ಚರ ತಪ್ಪಿ ಬಿದ್ದ. ಸ್ನೇಹಿತರು ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಮಾಡಿದ ರಕ್ತಪರೀಕ್ಷೆಯಲ್ಲಿ ಟ್ರೋಪೋನಿನ್ ಎಂಬ ಪದಾರ್ಥ ಮಿತಿಗಿಂತ ಸ್ವಲ್ಪ ಹೆಚ್ಚಾಗಿ ಕಂಡಿತು, ಇ.ಸಿ.ಜಿ.ಯೂ ಸರಿಯಾಗಿರಲಿಲ್ಲ. "ಹೃದಯಾಘಾತವಿರಬಹುದು" ಎಂಬ ಮಾತು ಕಿವಿಗೆ ಬಿದ್ದೊಡನೆ ತಾಯಿ ಕುಸಿದು ಕುಳಿತಳು. ಆದರೆ ಹೃದಯಕ್ಕೆ ರಕ್ತವೊದಗಿಸುವ ನಾಳಗಳನ್ನು ಪರೀಕ್ಷಿಸಿದಾಗ ಅವು ಶುಭ್ರವಾಗಿದ್ದವು. ಎಕೋ ಯಂತ್ರದಲ್ಲಿ ನಿಜ ಸಂಗತಿ ಹೊರಬಿತ್ತು. ಹೃದಯದ ಎರಡು ಕುಕ್ಷಿಗಳ ನಡುವಿನ ಗೋಡೆ 21 ಮಿಲಿಮೀಟರು ದಪ್ಪವಾಗಿತ್ತು. ವೈದ್ಯರು ರೋಗದ ಹೆಸರನ್ನು ಹೇಳಿದರು: ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪಥಿ. ವಂಶದಲ್ಲಿ ಹರಿದುಬರುವ ಹೃದಯಸ್ನಾಯುವಿನ ರೋಗವಿದು.

ವಂಶದ ಮಾತು ಬಂದೊಡನೆ ತಂದೆಗೆ ಮಗಳ ಚಿಂತೆ ಹತ್ತಿತು. ಮರುದಿನವೇ ಅವಳನ್ನು ಪ್ರಯೋಗಶಾಲೆಗೆ ಕರೆದೊಯ್ದು, ಹೃದಯದ ಕ್ಷೇಮವನ್ನು ತಿಳಿಸುವುದೆಂದು ಹೇಳಲಾದ ಇನ್ನೊಂದು ರಕ್ತಪರೀಕ್ಷೆಯನ್ನು ಮಾಡಿಸಿದರು. ಸಂಜೆ ಕಾಗದ ಹಿಡಿದು ಮನೆಗೆ ಬಂದವರ ಮುಖದಲ್ಲಿ ಕಳೆಯಿತ್ತು.

"ಅಮ್ಮಾ, ಪುಟ್ಟಿಯ ರಕ್ತದಲ್ಲಿ ಏನೂ ದೋಷವಿಲ್ಲವಂತೆ."

"ಅಂತೂ ದೇವರು ಕಣ್ಣು ಬಿಟ್ಟನಪ್ಪಾ. ನಿನ್ನ ಚಿಕ್ಕಪ್ಪನಿಗೆ ಆದ ಹಾಗೆ ಆಗದಿದ್ದರೆ ಸಾಕು" ಎಂದರು ಅಜ್ಜಿ.

ಆ ಮನೆಯಲ್ಲಿ ಎರಡು ದಿನಗಳ ಅಂತರದಲ್ಲಿ ಎರಡು ತಪ್ಪುಗಳಾದವು. ಮಗನ ರಕ್ತ ಹೇಳಿದ್ದಕ್ಕಿಂತ ಹೆಚ್ಚಾಗಿ ಭಯಪಟ್ಟದ್ದು ಮೊದಲನೆಯದು. ಮಗಳ ರಕ್ತ ಹೇಳದೆ ಇದ್ದುದನ್ನು ಕೇಳಿದಂತೆ ಭಾವಿಸಿ ನಿಶ್ಚಿಂತರಾದದ್ದು ಎರಡನೆಯದು. ಮೊದಲಿನದಕ್ಕಿಂತ ಎರಡನೆಯದೇ ಹೆಚ್ಚು ಅಪಾಯಕರ. ಅದು ಏಕೆಂಬುದನ್ನು ತಿಳಿಯಬೇಕಾದರೆ ಈ ರೋಗದ ಬಗೆಯನ್ನೂ, ರಕ್ತದಲ್ಲಿ ತೇಲಿಬರುವ ಆ ಪದಾರ್ಥಗಳ ಹುಟ್ಟನ್ನೂ ಅರಿಯುವುದು ಅವಶ್ಯ.

ಶಾಪವಲ್ಲ, ಅಕ್ಷರದೋಷ

ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಶವಪರೀಕ್ಷಾ ತಜ್ಞರಾಗಿದ್ದ ಡೊನಾಲ್ಡ್ ಟಿಯರ್ ಎಂಬುವರು 1958ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಇದ್ದಕ್ಕಿದ್ದಂತೆ ಪ್ರಾಣಬಿಟ್ಟ ಕೆಲವು ತರುಣ ತರುಣಿಯರ ಹೃದಯಗಳಲ್ಲಿ ಅವರು ಒಂದೇ ಬಗೆಯ ವಿಕಾರವನ್ನು ಕಂಡಿದ್ದರು. ಹೃದಯದ ನಡುಗೋಡೆ ಒಂದು ಕಡೆಗೆ ವಿಪರೀತವಾಗಿ ದಪ್ಪವಾಗಿತ್ತು. ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ, ಸಾಲಾಗಿ ಜೋಡಿಸಿಟ್ಟಂತೆ ಇರಬೇಕಾದ ಸ್ನಾಯುಕೋಶಗಳು ಗಾಳಿಗೆ ಚೆದರಿದ ಹುಲ್ಲಿನಂತೆ ಅಡ್ಡಾದಿಡ್ಡಿಯಾಗಿ ಬಿದ್ದಿದ್ದವು. 1960ರಲ್ಲಿ ಟಿಯರ್ ಮತ್ತು ಅವರ ಸಂಗಡಿಗರು ಇದೇ ವಿಕಾರವುಳ್ಳ ಒಂದು ಕುಟುಂಬದ ವೃತ್ತಾಂತವನ್ನು ಬರೆದರು. ರೋಗ ಒಬ್ಬನದಲ್ಲ, ಮನೆತನದ್ದು ಎಂಬ ಅಂಶ ಅಲ್ಲಿಗೆ ಗಟ್ಟಿಯಾಯಿತು.

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಕೊವಾಟಿಕುಕ್ ಎಂಬ ಸಣ್ಣ ಊರಿದೆ. ಅಲ್ಲಿನ ಫ್ರೆಂಚ್ ಮೂಲದ ಒಂದು ದೊಡ್ಡ ಮನೆತನದಲ್ಲಿ ಎಳೆಯ ವಯಸ್ಸಿನ ಸಾವುಗಳು ತಲೆಮಾರು ತಲೆಮಾರಿಗೂ ಸಂಭವಿಸುತ್ತಿದ್ದವು. ಜನರು ಅದನ್ನು ಶಾಪವೆಂದು ಕರೆಯುತ್ತಿದ್ದರು. 1961ರಲ್ಲಿ ಪಾರೆ ಎಂಬ ವೈದ್ಯರೂ ಸಹೋದ್ಯೋಗಿಗಳೂ ಆ ಮನೆತನದ ವಂಶವೃಕ್ಷವನ್ನು ಬರೆದು, ಹೃದಯಸ್ನಾಯುವಿನ ರೋಗ ಅದರಲ್ಲಿ ಹೇಗೆ ಇಳಿದುಬಂದಿತೆಂಬುದನ್ನು ತೋರಿಸಿಕೊಟ್ಟರು. ಸುಮಾರು ಮೂರು ದಶಕಗಳ ಅನಂತರ ಅದೇ ಮನೆತನದ ಸದಸ್ಯರು ಕೊಟ್ಟ ರಕ್ತದಿಂದಲೇ ಒಗಟು ಬಿಡಿಸಲ್ಪಟ್ಟಿತು. ಅಮೆರಿಕದ ಬೋಸ್ಟನ್ನಿನಲ್ಲಿ ಕ್ರಿಸ್ಟೀನ್ ಸೈಡ್‌ಮನ್ ಮತ್ತು ಜೊನಾಥನ್ ಸೈಡ್‌ಮನ್ ದಂಪತಿಗಳ ತಂಡವು 1989ರಲ್ಲಿ ದೋಷವಿರುವ ಸ್ಥಳ 14ನೆಯ ವರ್ಣತಂತುವಿನಲ್ಲಿದೆಯೆಂದು ಗುರುತಿಸಿ, 1990ರಲ್ಲಿ ದೋಷವನ್ನೇ ಹಿಡಿಯಿತು. ಹೃದಯಸ್ನಾಯುವನ್ನು ಎಳೆಯುವ ಮಯೋಸಿನ್ ಎಂಬ ಪ್ರೋಟೀನಿನಲ್ಲಿ 1935 ಅಮೈನೋ ಆಮ್ಲಗಳ ಸರಪಣಿಯಿರುತ್ತದೆ. ಆ ಮನೆತನದ ರೋಗಿಗಳಲ್ಲಿ 403ನೆಯ ಸ್ಥಾನದ ಒಂದೇ ಒಂದು ಕೊಂಡಿ ಬದಲಾಗಿತ್ತು. ದೊಡ್ಡ ಗ್ರಂಥದಲ್ಲಿ ಒಂದಕ್ಷರ ತಪ್ಪಿದುದರ ಫಲ ತಲೆಮಾರುಗಳ ಕಣ್ಣೀರಾಗಿತ್ತು.

ಇಂದು ತಿಳಿದಿರುವಂತೆ ಈ ರೋಗಕ್ಕೆ ಒಂದಲ್ಲ, ಹಲವು ಜೀನುಗಳ ದೋಷ ಕಾರಣ. ವಯಸ್ಕರಲ್ಲಿ ಸುಮಾರು 500 ಮಂದಿಗೆ ಒಬ್ಬರಲ್ಲಿ ಇದು ಕಂಡುಬರುವುದೆಂದು ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತು. ತಂದೆ ತಾಯಿಯರಲ್ಲಿ ಒಬ್ಬರಿಂದ ದೋಷ ಬಂದರೂ ಸಾಕು, ರೋಗ ಬರಬಹುದು. ಪ್ರತಿಯೊಂದು ಮಗುವಿಗೂ ಅದು ಇಳಿಯುವ ಸಂಭವ ಸಮಸಮ. ಅಣ್ಣನಿಗೆ ಬಂದಿರುವುದರಿಂದ ತಂಗಿಗೆ ತಪ್ಪಿತೆಂದಾಗಲಿ, ಅವಳಿಗೂ ಖಂಡಿತ ಬಂತೆಂದಾಗಲಿ ಭಾವಿಸಲು ಆಸ್ಪದವಿಲ್ಲ. ನಾಣ್ಯವನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿಯೇ ಚಿಮ್ಮಲಾಗುತ್ತದೆ.

ದೋಷವಿದ್ದವರೆಲ್ಲರೂ ಹಾಸಿಗೆ ಹಿಡಿಯುವುದಿಲ್ಲವೆಂಬುದು ಸಮಾಧಾನದ ಮಾತು. ಎಷ್ಟೋ ಜನ ಯಾವ ತೊಂದರೆಯೂ ಇಲ್ಲದೆ ಪೂರ್ಣಾಯುಷ್ಯವನ್ನು ಕಳೆಯುವುದುಂಟು. ಕೆಲವರಿಗೆ ಏದುಸಿರು, ಎದೆನೋವು, ಶ್ರಮಪಟ್ಟಾಗ ತಲೆಸುತ್ತು. ಕೆಲವರಲ್ಲಿ ದಪ್ಪವಾದ ಗೋಡೆ ರಕ್ತ ಹೊರಹೋಗುವ ದಾರಿಗೇ ಅಡ್ಡವಾಗುತ್ತದೆ. ಇನ್ನು ಬಹು ಕೆಲವರಲ್ಲಿ ಮಾತ್ರ ಹೃದಯದ ಬಡಿತ ಹಠಾತ್ತನೆ ಹದಗೆಟ್ಟು ಪ್ರಾಣಕ್ಕೇ ಎರವಾಗುತ್ತದೆ. ಯಾರು ಯಾವ ಗುಂಪಿಗೆ ಸೇರಿದವರೆಂದು ಮೊದಲೇ ತಿಳಿಯುವುದು ಹೇಗೆ? ರಕ್ತದತ್ತ ವೈದ್ಯರ ದೃಷ್ಟಿ ಹರಿದದ್ದು ಈ ಪ್ರಶ್ನೆಯಿಂದಲೇ.

ದಣಿದ ಹೃದಯದ ಓಲೆ

ಹೃದಯವೆಂದರೆ ರಕ್ತವನ್ನು ನೂಕುವ ಪಂಪು, ಅದಕ್ಕಿಂತ ಹೆಚ್ಚಿನದೇನೂ ಅಲ್ಲ ಎಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. 1981ರಲ್ಲಿ ಕೆನಡಾದ ಕಿಂಗ್‌ಸ್ಟನ್ ನಗರದಲ್ಲಿ ಅಡಾಲ್ಫೊ ಡಿ ಬೋಲ್ಡ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಇಲಿಯ ಹೃತ್ಕರ್ಣದಿಂದ ತೆಗೆದ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿ ನೋಡಿದರು. ಆ ಇಲಿಗಳ ಮೂತ್ರದಲ್ಲಿ ನೀರೂ ಉಪ್ಪೂ ಧಾರಾಳವಾಗಿ ಹೊರಬಿದ್ದವು. ರಕ್ತದ ಒತ್ತಡ ಇಳಿಯಿತು. ಹೃದಯವು ತಾನೇ ಒಂದು ಗ್ರಂಥಿಯಂತೆ ಕೆಲಸ ಮಾಡಿ, ಭಾರ ಹೆಚ್ಚಾದಾಗ ಮೂತ್ರಪಿಂಡಗಳಿಗೆ ಸಂದೇಶ ಕಳುಹಿಸುತ್ತದೆಂಬುದು ಇದರಿಂದ ಗೊತ್ತಾಯಿತು.

1988ರಲ್ಲಿ ಜಪಾನಿನ ಮಿಯಾಝಾಕಿಯಲ್ಲಿ ಹಿಸಾಯುಕಿ ಮತ್ಸುವೊ, ಕೆಂಜಿ ಕಂಗಾವಾ ಮೊದಲಾದವರು ಹಂದಿಯ ಮಿದುಳಿನಿಂದ ಇದೇ ಗುಣದ ಇನ್ನೊಂದು ಪದಾರ್ಥವನ್ನು ಬೇರ್ಪಡಿಸಿದರು. ಮಿದುಳಿನಲ್ಲಿ ಸಿಕ್ಕಿತೆಂಬ ಕಾರಣದಿಂದ ಅದರ ಹೆಸರಿನಲ್ಲಿ ಮಿದುಳೂ ಸೇರಿಕೊಂಡಿತು. ಸಂಕ್ಷೇಪವಾಗಿ ಅದನ್ನು ಬಿ.ಎನ್.ಪಿ. ಎನ್ನುತ್ತಾರೆ. ಮನುಷ್ಯನಲ್ಲಿ ಇದರ ಮುಖ್ಯ ತವರು ಮಿದುಳಲ್ಲ, ಹೃದಯದ ಕುಕ್ಷಿಗಳು ಎಂಬುದು ತರುವಾಯ ತಿಳಿದ ಸಂಗತಿ. ಮೊದಲಿಟ್ಟ ಹೆಸರು ಮಾತ್ರ ಹಾಗೆಯೇ ಉಳಿದುಕೊಂಡಿತು.

ಕುಕ್ಷಿಯ ಗೋಡೆ ಎಳೆತಕ್ಕೊಳಗಾದಾಗ, ಒಳಗಿನ ಒತ್ತಡ ಏರಿದಾಗ, ಸ್ನಾಯುಕೋಶಗಳು 108 ಕೊಂಡಿಗಳ ಒಂದು ಸರಪಣಿಯನ್ನು ತಯಾರಿಸುತ್ತವೆ. ಅದು ಎರಡಾಗಿ ತುಂಡಾಗುತ್ತದೆ. 32 ಕೊಂಡಿಗಳ ತುಂಡೇ ಕೆಲಸ ಮಾಡುವ ಬಿ.ಎನ್.ಪಿ. ಉಳಿದ 76 ಕೊಂಡಿಗಳ ತುಂಡಿಗೆ ಎನ್.ಟಿ.-ಪ್ರೋಬಿ.ಎನ್.ಪಿ. ಎಂದು ಹೆಸರು, ಅದರಿಂದ ದೇಹಕ್ಕೆ ಹೇಳಿಕೊಳ್ಳುವಂಥ ಉಪಯೋಗವಿಲ್ಲದಿದ್ದರೂ ವೈದ್ಯರಿಗೆ ಉಪಯೋಗವುಂಟು. ಬಿ.ಎನ್.ಪಿ. ರಕ್ತದಲ್ಲಿ ಸುಮಾರು 20 ನಿಮಿಷಗಳಲ್ಲಿ ಅರ್ಧಕ್ಕೆ ಇಳಿದರೆ, ಎರಡನೆಯ ತುಂಡು ಅರ್ಧಕ್ಕಿಳಿಯಲು ಒಂದೆರಡು ಗಂಟೆ ಹಿಡಿಯುತ್ತದೆ. ಆದುದರಿಂದ ಅದನ್ನು ಅಳೆಯುವುದು ಸುಲಭ. ಎರಡೂ ಒಂದೇ ತಾಯಿಯ ಮಕ್ಕಳಾದರೂ ಅವುಗಳ ಅಂಕೆಗಳು ಬೇರೆ. ಒಂದು ಪ್ರಯೋಗಶಾಲೆಯಲ್ಲಿ ಬಿ.ಎನ್.ಪಿ. ಮಾಡಿಸಿ, ಮುಂದಿನ ಸಲ ಇನ್ನೊಂದರಲ್ಲಿ ಎನ್.ಟಿ.-ಪ್ರೋಬಿ.ಎನ್.ಪಿ. ಮಾಡಿಸಿ, "ರೋಗ ಏರಿಬಿಟ್ಟಿತು" ಎಂದು ಗಾಬರಿಗೊಳ್ಳುವವರಿದ್ದಾರೆ. ಸೇರಿನ ಅಳತೆಯನ್ನು ಪಾವಿನ ಅಳತೆಯೊಡನೆ ಹೋಲಿಸಿದಂತೆಯೇ ಅದು.

ಈ ಪದಾರ್ಥಗಳ ಪ್ರಮಾಣವನ್ನು ಪಿಕೋಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಗ್ರಾಂ ತೂಕವನ್ನು ಒಂದು ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲೇ ಪಿಕೋಗ್ರಾಂ. ಆಸ್ಪತ್ರೆಗೆ ನಡೆದುಬರುವ ರೋಗಿಯಲ್ಲಿ ಎನ್.ಟಿ.-ಪ್ರೋಬಿ.ಎನ್.ಪಿ. ಒಂದು ಮಿಲಿಲೀಟರಿಗೆ 125 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ, ಹೃದಯದ ವೈಫಲ್ಯ ಇರುವ ಸಂಭವ ಬಹಳ ಕಡಿಮೆಯೆಂದು ವೈದ್ಯರು ಎಣಿಸುತ್ತಾರೆ. ಈ ಅಂಕೆ ಹೃದಯದ ವೈಫಲ್ಯಕ್ಕೆ ಹಾಕಿದ ಗೆರೆಯೇ ಹೊರತು ಆನುವಂಶಿಕ ಸ್ನಾಯುರೋಗಕ್ಕೆ ಹಾಕಿದ ಗೆರೆಯಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಸಾಕ್ಷಿಯೂ ಅಪರಾಧಿಯೂ

ಮಗನ ರಕ್ತದಲ್ಲಿ ಕಂಡ ಟ್ರೋಪೋನಿನ್ ಬೇರೆ ಕುಲದ್ದು. ಅದು ಕಳುಹಿಸಿದ ಓಲೆಯಲ್ಲ. ಮನೆ ಒಡೆದಾಗ ಹೊರಬಿದ್ದ ಇಟ್ಟಿಗೆ. 1960ರ ದಶಕದ ಆದಿಯಲ್ಲಿ ಟೋಕಿಯೋದ ಸೆತ್ಸುರೋ ಎಬಾಶಿ ಎಂಬ ವಿಜ್ಞಾನಿ, ಪತ್ನಿ ಫುಮಿಕೋ ಅವರೊಡನೆಯೂ ಇತರ ಸಹೋದ್ಯೋಗಿಗಳೊಡನೆಯೂ ಶ್ರಮಿಸಿ, ಸ್ನಾಯುವಿನಲ್ಲಿ ಅಡಗಿದ್ದ ಈ ಪ್ರೋಟೀನನ್ನು ಕಂಡುಹಿಡಿದರು. ಸ್ನಾಯು ಸಂಕುಚಿಸಬೇಕಾದಾಗ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆ ಅಪ್ಪಣೆಯನ್ನು ಸ್ವೀಕರಿಸಿ ಮಯೋಸಿನ್ನಿಗೆ ದಾರಿಬಿಡುವ ಬಾಗಿಲಿನ ಚಿಲಕವೇ ಟ್ರೋಪೋನಿನ್. ಅದರಲ್ಲಿ ಸಿ, ಐ, ಟಿ ಎಂಬ ಮೂರು ಭಾಗಗಳುಂಟು. ಐ ಮತ್ತು ಟಿ ಭಾಗಗಳು ಹೃದಯದಲ್ಲಿ ಒಂದು ರೂಪದಲ್ಲಿಯೂ, ಕೈಕಾಲುಗಳ ಸ್ನಾಯುಗಳಲ್ಲಿ ಬೇರೆ ರೂಪದಲ್ಲಿಯೂ ಇರುತ್ತವೆ. ಆದುದರಿಂದ ಹೃದಯದ ಟ್ರೋಪೋನಿನ್ ರಕ್ತದಲ್ಲಿ ಹೆಚ್ಚಿದ್ದರೆ ಹೃದಯದ ಕೋಶಗಳಿಗೆ ಪೆಟ್ಟು ಬಿದ್ದಿದೆಯೆಂದು ಊಹಿಸಬಹುದು. 1980ರ ದಶಕದ ಕೊನೆಯಲ್ಲಿ ಈ ಪರೀಕ್ಷೆಗಳು ರೂಪುಗೊಂಡು, ಈಗ ಹೃದಯಾಘಾತವನ್ನು ಗುರುತಿಸುವ ಮುಖ್ಯ ಸಾಧನವಾಗಿವೆ.

ಆದರೆ ಪೆಟ್ಟು ಬಿದ್ದಿದೆಯೆಂಬುದನ್ನು ಮಾತ್ರ ಟ್ರೋಪೋನಿನ್ ಹೇಳಬಲ್ಲದು. ಯಾರು ಹೊಡೆದರೆಂಬುದನ್ನು ಹೇಳಲಾರದು. ದಪ್ಪವಾದ ಸ್ನಾಯುವಿಗೆ ಬೇಕಾದಷ್ಟು ರಕ್ತವನ್ನು ಅದರ ಸೂಕ್ಷ್ಮ ನಾಳಗಳು ಒದಗಿಸಲಾರವು. ಅಲ್ಲಲ್ಲಿ ಕೋಶಗಳು ಬಳಲುತ್ತವೆ, ಕೆಲವು ಸಾಯುತ್ತವೆ. ಅವುಗಳ ಟ್ರೋಪೋನಿನ್ ಹನಿಹನಿಯಾಗಿ ರಕ್ತಕ್ಕೆ ಸೋರುತ್ತದೆ. ಹೃದಯಾಘಾತದಲ್ಲಿ ಗಂಟೆಗಂಟೆಗೂ ಏರಿ ಆಮೇಲೆ ಇಳಿಯುವ ಅಂಕೆ, ಇಂಥವರಲ್ಲಿ ತಿಂಗಳುಗಟ್ಟಲೆ ಮಿತಿಗಿಂತ ತುಸು ಮೇಲೆಯೇ ನಿಂತಿರುವುದುಂಟು. ತಮಗೆ ಸಾಮಾನ್ಯವಾಗಿ ಇರುವ ಅಂಕೆ ಯಾವುದೆಂದು ಬರೆದಿಟ್ಟುಕೊಂಡ ರೋಗಿ, ಎಂದಾದರೂ ಎದೆನೋವೆಂದು ತುರ್ತು ಚಿಕಿತ್ಸೆಗೆ ಹೋದಾಗ ಅದನ್ನು ತೋರಿಸಿದರೆ ವೈದ್ಯರಿಗೆ ದಾರಿ ಸುಗಮವಾಗುತ್ತದೆ.

ಇದರಲ್ಲಿ ಒಂದು ವಿಚಿತ್ರವೂ ಇದೆ. 1994ರಲ್ಲಿ ಟ್ರೋಪೋನಿನ್ ಟಿ ಭಾಗದ ಜೀನಿನಲ್ಲಿ, 1997ರಲ್ಲಿ ಐ ಭಾಗದ ಜೀನಿನಲ್ಲಿ, ಇದೇ ಸ್ನಾಯುರೋಗಕ್ಕೆ ಕಾರಣವಾದ ದೋಷಗಳು ಸಿಕ್ಕಿದವು. ಅಂದರೆ ಕೆಲವು ಮನೆತನಗಳಲ್ಲಿ ಟ್ರೋಪೋನಿನ್ನೇ ಅಪರಾಧಿ. ರಕ್ತದಲ್ಲಿ ಬಂದು ಸಾಕ್ಷಿ ನುಡಿಯುವುದೂ ಟ್ರೋಪೋನಿನ್ನೇ. ಟಿ ಭಾಗದ ಕೆಲವು ದೋಷಗಳಿರುವವರಲ್ಲಿ ಹೃದಯದ ಗೋಡೆ ಅಷ್ಟೇನೂ ದಪ್ಪವಾಗದಿದ್ದರೂ ಹಠಾತ್ ಮರಣದ ಭಯವಿರುವುದು ಕಂಡುಬಂದಿದೆ. ದಪ್ಪವೊಂದನ್ನೇ ನೋಡಿ ತೀರ್ಮಾನಿಸುವುದೂ ಸಲ್ಲದೆಂಬುದಕ್ಕೆ ಇದು ನಿದರ್ಶನ.

ಕಾಣುವ ಮೊದಲೇ

ಮೂರನೆಯ ಬಗೆಯ ಗುರುತು ಇನ್ನೂ ಸೂಕ್ಷ್ಮವಾದುದು. ಬಳಲಿದ ಸ್ನಾಯುವಿನ ನಡುವೆ ಕಾಲಕ್ರಮದಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಆ ನಾರು ಕೊಲಾಜೆನ್ ಎಂಬ ಪ್ರೋಟೀನಿನಿಂದಾದುದು. ಕೊಲಾಜೆನ್ ತಯಾರಾಗುವಾಗ ಅದರ ತುದಿಯ ಒಂದು ಚೂರು ಕತ್ತರಿಸಿಹೋಗಿ ರಕ್ತವನ್ನು ಸೇರುತ್ತದೆ. ಬಡಗಿಯ ಮನೆಯ ಮುಂದೆ ಬಿದ್ದ ಹೊಟ್ಟನ್ನು ನೋಡಿ ಒಳಗೆ ಕೆಲಸ ನಡೆದಿದೆಯೆಂದು ತಿಳಿಯುವಂತೆ, ಈ ಚೂರನ್ನು ಅಳೆದು ನಾರು ಹೆಣೆಯಲ್ಪಡುತ್ತಿದೆಯೆಂದು ಊಹಿಸಬಹುದು. ಬೋಸ್ಟನ್ನಿನ ಕ್ಯಾರೊಲಿನ್ ಹೋ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗ ವ್ಯಕ್ತವಾಗಿದ್ದವರ ರಕ್ತದಲ್ಲಿ ಈ ಚೂರು ಆರೋಗ್ಯವಂತರಿಗಿಂತ ಶೇಕಡ 69ರಷ್ಟು ಹೆಚ್ಚಾಗಿತ್ತು. ಜೀನಿನ ದೋಷವಿದ್ದೂ ಗೋಡೆ ಇನ್ನೂ ದಪ್ಪವಾಗದವರಲ್ಲಿ ಕೂಡ ಅದು ಶೇಕಡ 31ರಷ್ಟು ಹೆಚ್ಚಾಗಿತ್ತು. ಎಕೋ ಯಂತ್ರದ ಕಣ್ಣಿಗೆ ಬೀಳುವ ಮೊದಲೇ ಹೃದಯದೊಳಗೆ ಬದಲಾವಣೆ ಆರಂಭವಾಗಿರುತ್ತದೆಂಬ ಅಂಶವನ್ನು ಇದು ಸೂಚಿಸಿತು. ಆದರೆ ಇದು ಗುಂಪುಗುಂಪಾಗಿ ಹೋಲಿಸಿದಾಗ ಕಂಡ ವ್ಯತ್ಯಾಸ. ಒಂದು ಮಗುವಿನ ಭವಿಷ್ಯವನ್ನು ನುಡಿಯುವ ಪರೀಕ್ಷೆಯಲ್ಲ.

ನೆತ್ತರಿಗೆ ಎಟುಕದುದು

ಹಾಗಾದರೆ ಈ ರೋಗದಲ್ಲಿ ರಕ್ತಪರೀಕ್ಷೆಯ ಪ್ರಯೋಜನವೇನು? ರೋಗ ಇದೆಯೆಂದು ನಿಶ್ಚಯವಾದವರಲ್ಲಿ ಅದರ ಪ್ರಯೋಜನ ದೊಡ್ಡದು. ಬಿ.ಎನ್.ಪಿ. ವರ್ಗದ ಅಂಕೆ ಹೆಚ್ಚಿರುವ ರೋಗಿಗಳಲ್ಲಿ ಸಾಮಾನ್ಯವಾಗಿ ಗೋಡೆಯ ದಪ್ಪವೂ ರಕ್ತದ ದಾರಿಯ ಅಡಚಣೆಯೂ ಏದುಸಿರೂ ಹೆಚ್ಚು. ಟ್ರೋಪೋನಿನ್ ಹೆಚ್ಚಿರುವವರ ಹೃದಯದಲ್ಲಿ ನಾರಿನ ಕಲೆಗಳು ಹೆಚ್ಚು. ಇವೆರಡೂ ಏರಿರುವವರನ್ನು ವೈದ್ಯರು ಹೆಚ್ಚು ಎಚ್ಚರಿಕೆಯಿಂದ ನೋಡಿಕೊಳ್ಳುತ್ತಾರೆ. ಯಾರಿಗೆ ಅಪಾಯ ಹೆಚ್ಚೆಂಬುದನ್ನು ರಕ್ತದ ಗುರುತುಗಳು, ಎಂ.ಆರ್.ಐ. ಚಿತ್ರ, ಜೀನಿನ ಪರೀಕ್ಷೆ ಇವುಗಳನ್ನು ಕೂಡಿಸಿ ತಿಳಿಯಲು, ಅಮೆರಿಕ ಮತ್ತು ಯೂರೋಪಿನ 44 ಕೇಂದ್ರಗಳು ಸೇರಿ 2700ಕ್ಕೂ ಹೆಚ್ಚು ರೋಗಿಗಳ ಅಧ್ಯಯನವನ್ನು ಕೈಗೊಂಡವು.

ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದಕ್ಕೂ ರಕ್ತ ಸಾಕ್ಷಿ. ಮಯೋಸಿನ್ನಿನ ಅತಿಯಾದ ಎಳೆತವನ್ನು ಸಡಿಲಿಸುವ ಮಾವಕಾಮ್ಟೆನ್ ಎಂಬ ಔಷಧವನ್ನು, ರಕ್ತದ ದಾರಿಯಲ್ಲಿ ಅಡಚಣೆಯಿರುವ 251 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಔಷಧ ತೆಗೆದುಕೊಂಡವರಲ್ಲಿ ಎನ್.ಟಿ.-ಪ್ರೋಬಿ.ಎನ್.ಪಿ. ಸಪ್ಪೆ ಗುಳಿಗೆ ನುಂಗಿದವರಿಗಿಂತ ಶೇಕಡ 80ರಷ್ಟು ಹೆಚ್ಚಾಗಿ ಇಳಿಯಿತು, ಟ್ರೋಪೋನಿನ್ನೂ ಇಳಿಯಿತು, ಅದರೊಡನೆ ಬಹುಮಂದಿಗೆ ಉಸಿರಾಟವೂ ನಡಿಗೆಯೂ ಹಗುರವಾದವು. 2022ರಲ್ಲಿ ಅಮೆರಿಕದಲ್ಲಿ ಅದರ ಬಳಕೆಗೆ ಅನುಮತಿ ದೊರೆಯಿತು. ಆದರೆ ಅದು ಹೃದಯದ ಬಲವನ್ನು ಮಿತಿಮೀರಿ ಕುಗ್ಗಿಸಬಹುದಾದುದರಿಂದ, ತೆಗೆದುಕೊಳ್ಳುವವರಿಗೆ ಆಗಾಗ ಎಕೋ ಪರೀಕ್ಷೆ ತಪ್ಪದು. ಇಲ್ಲಿಯೂ ರಕ್ತ ಒಂದೇ ಸಾಲಲಿಲ್ಲ.

ಇನ್ನು ರೋಗವಿದೆಯೋ ಇಲ್ಲವೋ ಎಂಬ ಮೊದಲ ಪ್ರಶ್ನೆಗೆ ರಕ್ತದಿಂದ ನಿಶ್ಚಿತ ಉತ್ತರ ಬರುವುದಿಲ್ಲ. ಗೋಡೆ ದಪ್ಪವಾಗಿದ್ದರೂ ಹೃದಯಕ್ಕೆ ಭಾರ ಬೀಳದವರೆಗೆ ಅಂಕೆ ಸಹಜವಾಗಿರಬಹುದು. ದೋಷವಿದ್ದೂ ಗೋಡೆ ದಪ್ಪವಾಗುವ ವಯಸ್ಸು ಬರದ ಮಕ್ಕಳಲ್ಲಿ ಅದು ಸಹಜವಾಗಿರುವುದೇ ವಾಡಿಕೆ. ಇದಕ್ಕೆ ವಿರುದ್ಧವಾಗಿ, ವಯಸ್ಸಾದಂತೆ ಬಿ.ಎನ್.ಪಿ. ತಾನಾಗಿಯೇ ಏರುತ್ತದೆ, ಮೂತ್ರಪಿಂಡ ಕೆಟ್ಟಿದ್ದರೆ, ಹೃದಯದ ತಾಳ ತಪ್ಪಿದ್ದರೆ ಏರುತ್ತದೆ, ಸ್ಥೂಲಕಾಯದವರಲ್ಲಿ ಇರಬೇಕಾದುದಕ್ಕಿಂತ ಕಡಿಮೆ ತೋರುತ್ತದೆ. ಬಹುದೂರ ಓಡಿದವನ ಟ್ರೋಪೋನಿನ್ ಕೆಲವು ಗಂಟೆಗಳ ಕಾಲ ಏರಿರಬಹುದು. ಕೂದಲಿಗೂ ಉಗುರಿಗೂ ಒಳ್ಳೆಯದೆಂದು ನುಂಗುವ ಬಯೋಟಿನ್ ಮಾತ್ರೆಗಳು ಕೆಲವು ಬಗೆಯ ಪರೀಕ್ಷೆಗಳಲ್ಲಿ ಟ್ರೋಪೋನಿನ್ನನ್ನು ಸುಳ್ಳಾಗಿ ಕಡಿಮೆ ತೋರಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2017ರಲ್ಲಿ ಎಚ್ಚರಿಸಿತು. ರಕ್ತ ಕೊಡುವಾಗ ಇಂಥ ಮಾತ್ರೆಗಳ ವಿಷಯವನ್ನು ಮರೆಯದೆ ತಿಳಿಸಬೇಕು.

ಹಠಾತ್ ಮರಣವನ್ನು ತಡೆಯಲು ಎದೆಯೊಳಗೆ ಇರಿಸುವ ಪುಟ್ಟ ವಿದ್ಯುದ್ಯಂತ್ರ ಯಾರಿಗೆ ಅವಶ್ಯವೆಂಬುದನ್ನು ಅಳೆಯಲು ಯೂರೋಪಿನ ತಜ್ಞರು 2014ರಲ್ಲಿ ಒಂದು ಸೂತ್ರವನ್ನು ರಚಿಸಿದರು. ಅದರಲ್ಲಿ ಏಳು ಅಂಶಗಳಿವೆ: ವಯಸ್ಸು, ಗೋಡೆಯ ಅತಿ ದಪ್ಪ, ಎಡ ಹೃತ್ಕರ್ಣದ ಅಳತೆ, ರಕ್ತದ ದಾರಿಯ ಅಡಚಣೆ, ಕುಟುಂಬದಲ್ಲಿ ಹಠಾತ್ ಮರಣ, ಬಡಿತದ ಒಂದು ಬಗೆಯ ಏರುಪೇರು ಮತ್ತು ಕಾರಣ ತಿಳಿಯದ ಮೂರ್ಛೆ. ರಕ್ತದ ಪ್ರೋಟೀನುಗಳಿಗೆ ಆ ಸೂತ್ರದಲ್ಲಿ ಸ್ಥಾನವಿಲ್ಲ. ಆದರೆ ಅಜ್ಜಿಯ ನೆನಪಿಗೆ ಸ್ಥಾನವಿದೆ.

ಅಜ್ಜಿಯ ನೆನಪು

ಆ ಮನೆಯ ತಂದೆ ಮಗಳ ಕಾಗದವನ್ನು ಹಿಡಿದು ವೈದ್ಯರ ಬಳಿಗೆ ಹೋದರು. ವೈದ್ಯರು ಅದನ್ನು ನೋಡಿ ಮಡಿಸಿಟ್ಟರು.

"ಈ ದಿನ ಮಗುವಿನ ಹೃದಯದ ಮೇಲೆ ಭಾರವಿಲ್ಲ, ಸಂತೋಷ. ಆದರೆ ರೋಗವಿಲ್ಲವೆಂದು ಇದು ಹೇಳುವುದಿಲ್ಲ. ಇ.ಸಿ.ಜಿ., ಎಕೋ ಎರಡೂ ಆಗಬೇಕು. ಅಂದ ಹಾಗೆ, ನಿಮ್ಮ ಕಡೆ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹೋದವರಿದ್ದಾರೆಯೇ?"

ತಂದೆಗೆ ತಾಯಿಯ ಮಾತು ನೆನಪಾಯಿತು. ಅವರ ಚಿಕ್ಕಪ್ಪ 27ನೆಯ ವಯಸ್ಸಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದಂತೆಯೇ ಬಿದ್ದು ತೀರಿಕೊಂಡಿದ್ದರು. ಹಾವು ಕಚ್ಚಿತೆಂದು ಕೆಲವರು, ಗಾಳಿ ಬಡಿಯಿತೆಂದು ಕೆಲವರು ಹೇಳಿದ್ದರು. ಯಾರೂ ಅದನ್ನು ಹೃದಯದೊಡನೆ ಸೇರಿಸಿ ಯೋಚಿಸಿರಲಿಲ್ಲ.

"ಹಾಗಾದರೆ ನಿಮ್ಮ ತಂದೆಯವರ ರಕ್ತದಲ್ಲಿ ಅದು ಇದ್ದಿರಬಹುದು. ಅವರಿಂದ ನಿಮಗೆ, ನಿಮ್ಮಿಂದ ಮಗನಿಗೆ. ಮಗಳಿಗಿಂತ ಮೊದಲು ನಿಮ್ಮನ್ನೇ ನೋಡಬೇಕು."

"ನನಗೇನೂ ತೊಂದರೆಯಿಲ್ಲವಲ್ಲ, ಡಾಕ್ಟರೇ?"

"ಇಲ್ಲದಿರುವವರನ್ನೇ ಹುಡುಕಿ ನೋಡಬೇಕಾದ ರೋಗವಿದು."

ರೋಗಿಯ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಇವರೆಲ್ಲರಿಗೂ ಇ.ಸಿ.ಜಿ. ಮತ್ತು ಎಕೋ ಪರೀಕ್ಷೆ ಆಗಬೇಕೆಂಬುದು ತಜ್ಞರ ಒಮ್ಮತದ ಸಲಹೆ. ಬೇರೆ ಕಾರಣವಿಲ್ಲದೆ ವಯಸ್ಕರಲ್ಲಿ ಗೋಡೆ 15 ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ರೋಗವೆಂದು ಪರಿಗಣಿಸುತ್ತಾರೆ. ರೋಗಿಯ ಹತ್ತಿರದ ರಕ್ತಸಂಬಂಧಿಗಳಲ್ಲಿ 13 ಮಿಲಿಮೀಟರೇ ಸಾಕು. ಒಮ್ಮೆ ನೋಡಿ ಸರಿಯಿದೆಯೆಂದು ಬಿಡುವಂತಿಲ್ಲ. ಬೆಳೆಯುವ ಮಕ್ಕಳನ್ನು ಒಂದರಿಂದ ಮೂರು ವರ್ಷಗಳಿಗೊಮ್ಮೆ, ದೊಡ್ಡವರನ್ನು ಮೂರರಿಂದ ಐದು ವರ್ಷಗಳಿಗೊಮ್ಮೆ ಮರಳಿ ಪರೀಕ್ಷಿಸಬೇಕಾಗುತ್ತದೆ. ರೋಗಿಯಲ್ಲಿ ಜೀನಿನ ದೋಷ ಇಂಥದೇ ಎಂದು ಖಚಿತವಾಗಿ ಸಿಕ್ಕಿದರೆ, ಅದೊಂದನ್ನೇ ಮಿಕ್ಕವರ ರಕ್ತದಲ್ಲಿ ಹುಡುಕಬಹುದು. ಅದು ಇಲ್ಲದವರಿಗೆ ಜೀವಮಾನದ ಈ ಕಾವಲಿನಿಂದ ಬಿಡುಗಡೆ. ರಕ್ತದಿಂದ ನಿಜವಾದ ನೆಮ್ಮದಿ ದೊರೆಯುವುದು ಈ ಪರೀಕ್ಷೆಯಲ್ಲಿ; ಪ್ರೋಟೀನಿನ ಅಂಕೆಯಲ್ಲಲ್ಲ. ಎಲ್ಲ ರೋಗಿಗಳಲ್ಲಿಯೂ ದೋಷ ಪತ್ತೆಯಾಗುವುದಿಲ್ಲವೆಂಬುದೂ ನೆನಪಿರಬೇಕು.

ಜೀನಿನ ಪರೀಕ್ಷೆಯ ಫಲವನ್ನು ಓದುವುದರಲ್ಲಿಯೂ ವಿವೇಕ ಬೇಕು. ಹೃದಯಸ್ನಾಯುವಿನ ಮತ್ತೊಂದು ಪ್ರೋಟೀನಿನ ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಒಂದು ಬದಲಾವಣೆ ಭಾರತೀಯ ಮೂಲದವರಲ್ಲಿ ಸುಮಾರು ಶೇಕಡ 4ರಷ್ಟು ಮಂದಿಯಲ್ಲಿದೆಯೆಂದು, ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ತಂಗರಾಜ್, ಸಂಶೋಧಕ ಧಂಡಪಾಣಿ ಮುಂತಾದವರು 2009ರಲ್ಲಿ ಪ್ರಕಟಿಸಿದರು. ಧಂಡಪಾಣಿಯವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಹೃದಯಸ್ನಾಯುವಿನ ಸಂಶೋಧನೆಯನ್ನು ಮುಂದುವರಿಸಿದರು. ಆ ಬದಲಾವಣೆಯಿರುವವರಲ್ಲಿ ಬಹುಮಂದಿಗೆ ಈ ದಪ್ಪಗೋಡೆಯ ರೋಗ ಬರುವುದಿಲ್ಲ. ಕೆಲವರಲ್ಲಿ ಅದರ ಜೊತೆಗಿರುವ ಮತ್ತೊಂದು ಬದಲಾವಣೆಯೇ ಮುಖ್ಯ ಕಾರಣವಿರಬಹುದೆಂದು 2018ರ ಅನಂತರದ ಅಧ್ಯಯನಗಳು ತೋರಿಸಿವೆ. ಆದುದರಿಂದ ಕಾಗದದಲ್ಲಿ ಒಂದು ದೋಷದ ಹೆಸರು ಬಂದಮಾತ್ರಕ್ಕೆ ಮಗಳ ಮದುವೆಯ ಚಿಂತೆಗೆ ಬೀಳುವುದೂ, ಸಂಬಂಧಿಕರಿಂದ ಅದನ್ನು ಬಚ್ಚಿಡುವುದೂ ಸಲ್ಲದು. ಬಚ್ಚಿಟ್ಟ ಸುದ್ದಿಯಿಂದ ಇನ್ನೊಂದು ಮನೆಯ ಮಗುವಿನ ಪ್ರಾಣಕ್ಕೆ ಅಪಾಯವಾಗಬಹುದು.

ಮುಂದಿನ ವಾರ ತಂದೆ, ಮಗಳು ಇಬ್ಬರೂ ಎಕೋ ಪರೀಕ್ಷೆಗೆ ಹೋದರು. ಮಗಳ ಹೃದಯದ ಗೋಡೆ ಸಹಜವಾಗಿತ್ತು. ಒಂದು ವರ್ಷದ ಅನಂತರ ಮತ್ತೆ ಬರಬೇಕೆಂದು ವೈದ್ಯರು ಬರೆದುಕೊಟ್ಟರು. ಒಂದು ದಿನವೂ ಎದೆ ಹಿಡಿದುಕೊಂಡು ಕುಳಿತವರಲ್ಲದ ತಂದೆಯ ಗೋಡೆ 16 ಮಿಲಿಮೀಟರು ದಪ್ಪವಾಗಿತ್ತು. ಅವರು ಮನೆಗೆ ಬಂದು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಾಯಿಯ ಬಳಿ ಕುಳಿತು, ಮಗಳ ಹಳೆಯ ನೋಟ್ ಪುಸ್ತಕವೊಂದನ್ನು ತೆರೆದರು.

"ಅಮ್ಮಾ, ಅಪ್ಪನ ಕಡೆಯವರನ್ನೆಲ್ಲ ಒಬ್ಬೊಬ್ಬರಾಗಿ ಹೇಳು. ಯಾರು ಯಾವ ವಯಸ್ಸಿನಲ್ಲಿ, ಹೇಗೆ ಹೋದರು ಅಂತ."

ಅಜ್ಜಿ ಕಣ್ಣು ಮುಚ್ಚಿ ಎಣಿಸತೊಡಗಿದರು. ದೊಡ್ಡ ಅತ್ತಿಗೆಯ ಮಗನೊಬ್ಬ ಕೆರೆಯಲ್ಲಿ ಈಜುತ್ತ ಮುಳುಗಿದ್ದ. ಅವನು ಒಳ್ಳೆಯ ಈಜುಗಾರನಾಗಿದ್ದ. ಅವನ ತಂಗಿಯ ಮಕ್ಕಳು ಈಗ ಶಿವಮೊಗ್ಗೆಯಲ್ಲಿದ್ದಾರೆ. ತಂದೆ ಬರೆಯುತ್ತ ಹೋದರು. ಹೆಸರುಗಳ ಸಾಲು ಮುಗಿಯುವ ವೇಳೆಗೆ ದೀಪ ಹಚ್ಚುವ ಹೊತ್ತಾಗಿತ್ತು. ಅವರು ಪುಸ್ತಕವನ್ನು ಮುಚ್ಚದೆಯೇ ಶಿವಮೊಗ್ಗೆಯ ಮನೆಗೆ ಫೋನು ಮಾಡಲು ಎದ್ದರು.